ಇಂಗ್ಲಿಷ್ ಸಾಹಿತ್ಯದ ಸಂಶೋಧನಾ ಲೇಖನ: ವಿಷಯಕ್ಕಿಂತ ಮೊದಲು ಪ್ರಶ್ನೆ

ಇಂಗ್ಲಿಷ್ ಸಾಹಿತ್ಯದಲ್ಲಿ ಸಂಶೋಧನಾ ಲೇಖನ ಬರೆಯಹೊರಟವರು ವಿಷಯವನ್ನಲ್ಲ, ಪ್ರಶ್ನೆಯನ್ನು ಹುಡುಕಬೇಕು. ರಾಜಾರಾಯರ ‘ಕಾಂತಾಪುರ’ದಲ್ಲಿ ರಾಷ್ಟ್ರೀಯತೆ ಎಂಬುದು ಬರಿಯ ವಿಷಯ, ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ, 1938ರ ಆ ಕಾದಂಬರಿಯ ನಿರೂಪಕಿ ಅಚ್ಚಕ್ಕನ ಇಂಗ್ಲಿಷ್ ವಾಕ್ಯಗಳಲ್ಲಿ ಕನ್ನಡ ಮಾತಿನ ಲಯ ಎಲ್ಲಿ ಉಳಿಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದು ಪ್ರಶ್ನೆ (ಕನ್ನಡ ಬಲ್ಲವರಿಗೆ ಇಲ್ಲಿ ಸಹಜವಾದ ಅನುಕೂಲವೂ ಇದೆ). ಲೇಖನ ಕಳುಹಿಸಬೇಕೆಂದಿರುವ ಪತ್ರಿಕೆಯ ಇತ್ತೀಚಿನ ಸಂಚಿಕೆಗಳನ್ನು ಓದಿಕೊಂಡು, ಹಿಂದಿನ ವಿಮರ್ಶಕರು ಹೇಳಿದ್ದೇನು, ಅದಕ್ಕೆ ನೀವು ಸೇರಿಸುವುದೇನು ಎಂಬುದನ್ನು ಮೊದಲೆರಡು ಪುಟಗಳಲ್ಲೇ ಸ್ಪಷ್ಟಪಡಿಸಿ. ಉಲ್ಲೇಖಕ್ರಮ ಸಾಮಾನ್ಯವಾಗಿ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಕೈಪಿಡಿಯ 9ನೇ ಆವೃತ್ತಿಯದು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾನು ಒಪ್ಪಿದ ಸಂಶೋಧನಾ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ಕೈಬಿಟ್ಟಿರುವುದರಿಂದ ಪತ್ರಿಕೆಯ ಸಂಪಾದಕ ಮಂಡಳಿಯನ್ನೂ ತಜ್ಞರ ಪರಿಶೀಲನೆಯ ಕ್ರಮವನ್ನೂ ಈಗ ನಾವೇ ವಿಚಾರಿಸಿಕೊಳ್ಳಬೇಕು. ವಾರದೊಳಗೆ ಪ್ರಕಟಿಸುತ್ತೇವೆಂದು ಹಣ ಕೇಳುವವರಿಗೆ ಲೇಖನವನ್ನು ಕೊಡಲೇಬೇಡಿ.