ಆಲ್ಬಮ್ ಬಗ್ಗೆ ಅಭಿಪ್ರಾಯ ಬರೆಯುವ ಮುಂಚೆ ಕೇಳುವುದು ಹೇಗೆ

"ಸೂಪರ್", "ಬೋರು", "ಒಂಥರಾ ಇದೆ". ರಾಕ್ ಆಲ್ಬಮ್‌ಗಳ ಬಗ್ಗೆ ನಮ್ಮಲ್ಲಿ ಕೇಳಿಬರುವ ಅಭಿಪ್ರಾಯ ಬಹುಪಾಲು ಇಲ್ಲಿಗೇ ನಿಂತುಬಿಡುತ್ತದೆ. ಹಾಗೆ ಹೇಳುವವರಿಗೆ ಕಿವಿ ಇಲ್ಲವೆಂದಲ್ಲ, ಕಿವಿಗೆ ಬಿದ್ದದ್ದನ್ನು ಹಿಡಿದಿಡುವ ಅಭ್ಯಾಸ ಇಲ್ಲ. ಅಭಿಪ್ರಾಯ ಪೂರ್ತಿ ನಿಮ್ಮದೇ ಇರಲಿ, ಆದರೆ ಅದರ ಪಕ್ಕದಲ್ಲಿ ನಿಮಿಷ, ಸೆಕೆಂಡು ಇರಬೇಕು. ಓದಿದವರು ಆ ಜಾಗಕ್ಕೆ ಹೋಗಿ ಕೇಳಿ "ಹೌದಲ್ಲ" ಅನ್ನಬೇಕು, ಇಲ್ಲವೇ "ಇಲ್ಲಪ್ಪ, ನನಗೆ ಹಾಗನ್ನಿಸಲಿಲ್ಲ" ಅನ್ನಬೇಕು. ಎರಡೂ ಆಗದಿದ್ದರೆ ಬರೆದದ್ದು ವ್ಯರ್ಥ.

ಮೊದಲು ಫೋನನ್ನು ಸರಿಮಾಡಿ

ಶಫಲ್ ಆಫ್ ಮಾಡಿ. ಆಟೋಪ್ಲೇ ಕೂಡ ಆಫ್ ಮಾಡಿ, ಇಲ್ಲದಿದ್ದರೆ ಆಲ್ಬಮ್ ಮುಗಿದ ಮರುಕ್ಷಣ ಆ್ಯಪ್ ತನಗೆ ತೋಚಿದ ಬೇರೆ ಹಾಡು ಹಾಕಿ ಕೊನೆಯ ಮೌನವನ್ನು ಕಿತ್ತುಕೊಳ್ಳುತ್ತದೆ. ಒಂದು ಹಾಡಿನ ಬಾಲವನ್ನು ಮುಂದಿನದರ ತಲೆಯ ಮೇಲೆ ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ತನ್ನಿ, ಹಾಡುಗಳ ನಡುವೆ ಬಿಡುವು ಬಾರದಂತೆ ನೋಡುವ ಗ್ಯಾಪ್‌ಲೆಸ್ ಆನ್ ಇರಲಿ. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್'ನಲ್ಲಿ ಹಾಡುಗಳು ಒಂದರೊಳಗೊಂದು ಹರಿಯುತ್ತವೆ. ನಡುವೆ ಅರ್ಧ ಸೆಕೆಂಡು ಕತ್ತರಿಸಿ ಹೋದರೂ ಕಟ್ಟಿದ ಭಾವ ಒಡೆಯುತ್ತದೆ. ಆಮೇಲೆ ತಪ್ಪನ್ನು ಬ್ಯಾಂಡಿನ ತಲೆಗೆ ಕಟ್ಟುತ್ತೇವೆ.

ಬಾಸ್, ಏರುದನಿ ಹೆಚ್ಚು-ಕಡಿಮೆ ಮಾಡುವ ಈಕ್ವಲೈಸರ್ ಸಮತಟ್ಟಾಗಿರಲಿ. ಬಾಸ್ ಬೂಸ್ಟ್, ಫೋನ್ ಕಂಪನಿ ಹಾಕಿಕೊಟ್ಟ 'ಸರೌಂಡ್' ಎಫೆಕ್ಟ್ ಎಲ್ಲ ತೆಗೆಯಿರಿ. ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೊನೊ ಆಡಿಯೊ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು, ಆನ್ ಆಗಿದೆಯಾ ನೋಡಿ. ಒಂದೇ ಕಿವಿಗೆ ಇಯರ್‌ಫೋನ್ ಹಾಕುವವರು ಅದನ್ನು ಆನ್ ಮಾಡಿ ಮರೆತಿರುತ್ತಾರೆ. ಸೈಕೆಡೆಲಿಕ್, ಅಂದರೆ ಅಮಲಿನ ಕನಸಿನಂಥ ಸದ್ದಿನ ಆಲ್ಬಮ್‌ನಲ್ಲಿ ಸದ್ದು ಎಡಗಿವಿಯಿಂದ ಬಲಗಿವಿಗೆ ಓಡಾಡುವುದೇ ಅರ್ಧ ಕಥೆ, ಮೊನೊದಲ್ಲಿ ಅದು ಕಾಣೆಯಾಗುತ್ತದೆ.

ಗುಣಮಟ್ಟವನ್ನು 320 ಕೆಬಿಪಿಎಸ್‌ಗೆ (ಸೆಕೆಂಡಿಗೆ ಎಷ್ಟು ಕಿಲೊಬಿಟ್ ಎಂಬ ಅಳತೆ) ಇಟ್ಟು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. 43 ನಿಮಿಷದ ಆಲ್ಬಮ್‌ಗೆ ಸುಮಾರು 100 ಎಂಬಿ ಸಾಕು. 96ರಲ್ಲಿ ಕೇಳಿದರೆ 30 ಎಂಬಿ ಚಿಲ್ಲರೆಯಲ್ಲೇ ಮುಗಿಯುತ್ತದೆ, ಆದರೆ ಡ್ರಮ್ಮಿನ ಜೊತೆಯ ತಾಳದ ತಟ್ಟೆಗಳು (ಸಿಂಬಲ್) ನೀರೊಳಗೆ ಅಲ್ಲಾಡಿಸಿದ ಹಾಗೆ ಜುಳುಜುಳು ಅನ್ನುತ್ತವೆ. ಯೂಟ್ಯೂಬಿನಲ್ಲಿ ಯಾರೋ ಏರಿಸಿದ 'ಫುಲ್ ಆಲ್ಬಮ್' ನಂಬಬೇಡಿ. ಹಾಡಿನ ಕ್ರಮ ತಪ್ಪಿರಬಹುದು, ಕಾಪಿರೈಟ್ ತಪ್ಪಿಸಲು ಶ್ರುತಿಯನ್ನೇ ಸ್ವಲ್ಪ ಏರಿಸಿರಬಹುದು.

ಇನ್ನೊಂದು, ಆವೃತ್ತಿ. 'ಡಿಲಕ್ಸ್' ಅಂತ ಬರೆದಿದ್ದರೆ ಕೊನೆಯಲ್ಲಿ ಡೆಮೊ (ಕಚ್ಚಾ ರೆಕಾರ್ಡಿಂಗ್), ಲೈವ್ ತುಣುಕುಗಳು ಅಂಟಿಕೊಂಡಿರುತ್ತವೆ. ಮೂಲ ಆಲ್ಬಮ್ ಎಲ್ಲಿ ಮುಗಿಯುತ್ತದೆಂದು ಮೊದಲೇ ನೋಡಿಕೊಂಡು ಅಲ್ಲೇ ನಿಲ್ಲಿಸಿ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ 1967ರ 'ಆರ್ ಯು ಎಕ್ಸ್‌ಪೀರಿಯನ್ಸ್ಡ್' ಇಂಗ್ಲೆಂಡಿನಲ್ಲಿ ಒಂದು ಹಾಡುಪಟ್ಟಿಯೊಂದಿಗೆ, ಅಮೆರಿಕದಲ್ಲಿ ಇನ್ನೊಂದರೊಂದಿಗೆ ಬಂತು. ಇಬ್ಬರು ಎರಡು ಆವೃತ್ತಿ ಕೇಳಿ ಜಗಳವಾಡಿದರೆ ಇಬ್ಬರೂ ಸರಿ.

ಕೋಣೆ, ಕರೆಂಟು, ರೈಲು

ನಮ್ಮ ತುಮಕೂರು ಕಡೆಯ ಮನೆಗಳಲ್ಲಿ ಹತ್ತು-ಹನ್ನೆರಡು ಅಡಿಯ ಕೋಣೆ, ಗ್ರಾನೈಟ್ ಇಲ್ಲವೇ ಟೈಲ್ಸ್ ನೆಲ, ಬೋಳು ಗೋಡೆ, ಮೇಲೆ ಆರ್‌ಸಿಸಿ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆ 'ಟ್ರಿಣ್' ಅಂತ ಒಂದು ಬಾಲ ಕೇಳಿಸಿದರೆ ಎದುರುಬದುರು ಗೋಡೆಗಳು ಸದ್ದನ್ನು ಚೆಂಡಾಡುತ್ತಿವೆ. ಆ ಕೋಣೆಯಲ್ಲಿ ಹಾಡುವವನ ಮಾತು ಕಲಸಿಹೋಗುತ್ತದೆ. ದುಡ್ಡು ಖರ್ಚು ಮಾಡಿ ಫೋಮ್ ಅಂಟಿಸಬೇಕಿಲ್ಲ. ಶಿರಾ, ಪಾವಗಡ ಕಡೆಯ ದಪ್ಪ ಕುರಿ ಕಂಬಳಿ ಮನೆಯಲ್ಲಿದ್ದರೆ ಸ್ಪೀಕರಿನ ಎದುರು ಗೋಡೆಗೆ ನೇತುಹಾಕಿ, ನೆಲಕ್ಕೆ ಜಮಖಾನ ಹಾಸಿ, ಹಾಸಿಗೆಯನ್ನು ಗೋಡೆಗೆ ಒರಗಿಸಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ. ಕಂಬಳಿ ಏರುದನಿಯ ಗದ್ದಲವನ್ನಷ್ಟೇ ನುಂಗುತ್ತದೆ, ಬಾಸಿನ ಗುಂಯ್‌ಗುಟ್ಟುವಿಕೆಯನ್ನಲ್ಲ. ಅದಕ್ಕೆ ಸ್ಪೀಕರನ್ನು ಮೂಲೆಯಿಂದ ಎಳೆದು ಗೋಡೆಯಿಂದ ಒಂದಡಿಯಾದರೂ ದೂರ ಇಡಬೇಕು. ಎರಡು ಸ್ಪೀಕರಿನ ನಡುವೆ ಐದಡಿ, ಎರಡರಿಂದಲೂ ನೀವು ಕೂತ ಜಾಗಕ್ಕೆ ಐದಡಿ, ಸ್ಪೀಕರಿನ ಚಿಕ್ಕ ಕೋನ್ (ಏರುದನಿ ಹೊರಡುವ ಭಾಗ) ನಿಮ್ಮ ಕಿವಿಯ ಎತ್ತರಕ್ಕೆ. ಇಷ್ಟಾದರೆ ಹಾಡುವವನು ಎರಡು ಸ್ಪೀಕರಿನ ನಡುವೆ, ಏನೂ ಇಲ್ಲದ ಜಾಗದಲ್ಲಿ ನಿಂತ ಹಾಗೆ ಕೇಳಿಸಬೇಕು. ಹಾಗೆ ಕೇಳಿಸದಿದ್ದರೆ ಒಂದು ಸ್ಪೀಕರಿನ ವೈರು ತಿರುವುಮುರುವು ಆಗಿದೆಯಾ ನೋಡಿ, ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ.

ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಸ್ಪೀಕರಿನಲ್ಲಿ 'ಗೊಂಯ್' ಶುರುವಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಕೆಲಸ. ಆ ಹೊತ್ತಿಗೆ ಹೆಡ್‌ಫೋನಿಗೆ ಬದಲಾಯಿಸಿ. ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದಾಗ ಮಾತ್ರ ಗುಂಯ್‌ಗುಟ್ಟಿದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೇಳಿ.

ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಿನಲ್ಲಿ ಓಡಾಡುವವರಿಗೆ ಒಂದು ಆಲ್ಬಮ್ ಪೂರ್ತಿ ಕೇಳುವಷ್ಟು ಹೊತ್ತು ತಾನಾಗಿ ಸಿಗುತ್ತದೆ. ಅದು ಒಳ್ಳೆಯದೇ, ಆದರೆ ಅಲ್ಲಿ ಕೇಳಿ ಬಾಸಿನ ಬಗ್ಗೆ ತೀರ್ಪು ಕೊಡಬೇಡಿ. ಬೋಗಿಯ ಗಡಗಡ ಇರುವುದೂ ಬಾಸ್ ಗಿಟಾರ್ ಇರುವುದೂ ಒಂದೇ ಕೆಳಗಿನ ಸ್ಥಾಯಿಯಲ್ಲಿ, ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಅದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾ ಹೋದರೆ ಕೆಡುವುದು ಕಿವಿ. 85 ಡೆಸಿಬೆಲ್ (ಸದ್ದಿನ ಅಳತೆ) ಮಟ್ಟದಲ್ಲಿ ದಿನಕ್ಕೆ ಹೆಚ್ಚೆಂದರೆ ಎಂಟು ಗಂಟೆ, ಅದಕ್ಕಿಂತ ಪ್ರತಿ 3 ಡೆಸಿಬೆಲ್ ಹೆಚ್ಚಾದಂತೆ ಸಮಯ ಅರ್ಧಕ್ಕೆ ಇಳಿಸಬೇಕು ಎನ್ನುವುದು ಚಾಲ್ತಿಯಲ್ಲಿರುವ ಲೆಕ್ಕ.

ಮೂರು ಸಲ

ಮೊದಲ ಸಲ ಸುಮ್ಮನೆ ಕೇಳಿ. ನೋಟ್‌ಬುಕ್ ಬೇಡ, ಸಾಹಿತ್ಯ ಓದುವುದು ಬೇಡ, ಬೇರೆಯವರ ಅಭಿಪ್ರಾಯ ಅಂತೂ ಬೇಡವೇ ಬೇಡ. ಸಂಜೆ ತುಮಕೂರಿನ ಅಮಾನಿಕೆರೆ ಸುತ್ತ ನಡೆಯುತ್ತಾ ಕೇಳಿದರೂ ನಡೆಯುತ್ತದೆ. ಮುಗಿದ ಹತ್ತು ನಿಮಿಷದೊಳಗೆ ನೆನಪಿನಿಂದ ಐದು ಸಾಲು ಬರೆಯಿರಿ: ಯಾವ ರಾಗ ಬಾಯಲ್ಲಿ ಉಳಿಯಿತು, ಎಲ್ಲಿ ಗಮನ ಬೇರೆಡೆ ಹೋಯಿತು, ಎಲ್ಲಿ ಬೆಚ್ಚಿದಿರಿ. ಈ ಐದು ಸಾಲನ್ನು ಆಮೇಲೆ ತಿದ್ದಬೇಡಿ. ಮೂರನೆಯ ಸಲದ ಹೊತ್ತಿಗೆ ನಿಮ್ಮ ಮನಸ್ಸು ಎಷ್ಟು ಬದಲಾಯಿತು ಅನ್ನುವುದಕ್ಕೆ ಇದೊಂದೇ ಸಾಕ್ಷಿ.

ಎರಡನೆಯ ಸಲ ಮಾರನೆಯ ದಿನ, ಕೂತು, ವೈರಿನ ಹೆಡ್‌ಫೋನ್ ಹಾಕಿಕೊಂಡು. ಪುಟದಲ್ಲಿ ಗೆರೆ ಎಳೆದು ಮೂರು ಅಂಕಣ ಮಾಡಿ: ಸಮಯ, ಕೇಳಿಸಿದ್ದು, ಅನ್ನಿಸಿದ್ದು. ಕೇಳಿಸಿದ್ದನ್ನೂ ಅನ್ನಿಸಿದ್ದನ್ನೂ ಬೇರೆ ಬೇರೆ ಇಡುವುದೇ ಇಡೀ ಕೆಲಸದ ತಿರುಳು. "ಗಿಟಾರ್ ದುಃಖದಲ್ಲಿದೆ" ಎನ್ನುವುದು ಅನ್ನಿಸಿದ್ದು. "ಸ್ವರವನ್ನು ಮೀಟಿ ತಂತಿ ಎಳೆದು ಅರ್ಧ ಸ್ವರ ಮೇಲಕ್ಕೆ ಒಯ್ದು ನಿಧಾನಕ್ಕೆ ಬಿಡುತ್ತಾನೆ" ಎನ್ನುವುದು ಕೇಳಿಸಿದ್ದು. ಎರಡನೆಯದು ಇದ್ದರೆ ಮೊದಲನೆಯದಕ್ಕೆ ಬೆಲೆ. ಒಂದು ಹಾಡಿಗೆ ಮೂರು ಸಾಲಿಗಿಂತ ಹೆಚ್ಚು ಬೇಡ, ಬರೆಯುತ್ತಾ ಕೂತರೆ ಮುಂದಿನ ಹಾಡು ಜಾರಿಹೋಗುತ್ತದೆ.

ಮೂರನೆಯ ಸಲ ನಾಲ್ಕೈದು ದಿನ ಬಿಟ್ಟು, ಸ್ಪೀಕರಿನಲ್ಲಿ, ಒಂದೇ ವಾದ್ಯವನ್ನು ಹಿಡಿದು. ಬಾಸ್ ಗಿಟಾರ್ ಹಿಡಿದರೆ ಒಳ್ಳೆಯದು, ಯಾಕೆಂದರೆ ಮೊದಲೆರಡು ಸಲ ಅದನ್ನು ಯಾರೂ ಕೇಳಿಸಿಕೊಂಡಿರುವುದಿಲ್ಲ. ಎಲ್.ಪಿ., ಅಂದರೆ ಎರಡು ಬದಿಯ ಗ್ರಾಮಫೋನ್ ತಟ್ಟೆಯ ಕಾಲದ ಆಲ್ಬಮ್ ಆಗಿದ್ದರೆ ಅರ್ಧಕ್ಕೆ ನಿಲ್ಲಿಸಿ ಎರಡು ನಿಮಿಷ ಎದ್ದು ಓಡಾಡಿ. ತಟ್ಟೆಯ ಒಂದು ಬದಿಗೆ ಇಪ್ಪತ್ತು-ಇಪ್ಪತ್ತೆರಡು ನಿಮಿಷದಷ್ಟೇ ಚೆನ್ನಾಗಿ ಹಿಡಿಸುತ್ತಿತ್ತು, ಹಾಗಾಗಿ ಮೊದಲ ಬದಿಯ ಕೊನೆಯ ಹಾಡು, ಎರಡನೆಯ ಬದಿಯ ಮೊದಲ ಹಾಡು ಎರಡನ್ನೂ ಲೆಕ್ಕ ಹಾಕಿಯೇ ಇಡುತ್ತಿದ್ದರು. ಡಾರ್ಕ್ ಸೈಡ್‌ನಲ್ಲಿ ಐದನೆಯ ಹಾಡಿನ ಹೆಣ್ಣುದನಿಯ ಆಲಾಪ ಕರಗಿದ ಮೇಲೆ ಆರನೆಯದಾದ 'ಮನಿ' ನಾಣ್ಯದ ಝಣಝಣದಿಂದ ತೆರೆಯುತ್ತದೆ. ನಡುವೆ ತಟ್ಟೆ ತಿರುಗಿಸುವ ಬಿಡುವು ಇಲ್ಲದಿದ್ದರೆ ಆ ಜಿಗಿತದ ಅರ್ಥ ಸಿಗುವುದಿಲ್ಲ.

'ಮನಿ'ಯನ್ನು ಎಣಿಸಿ ಕೇಳುವುದು ನಮಗೆ ಸುಲಭ. ತಾಳ ಏಳು ಎಣಿಕೆಯದು. ಮಿಶ್ರಛಾಪು ಗೊತ್ತಿದ್ದವರು 'ತಕಿಟ ತಕಧಿಮಿ' ಅಂತ ತೊಡೆ ತಟ್ಟುತ್ತಾ ಹೋಗಬಹುದು. ಸ್ಯಾಕ್ಸೊಫೋನ್ ಮುಗಿಯುವ ತನಕ ಏಳು ನಿಲ್ಲುತ್ತದೆ, ಗಿಟಾರ್ ಸೋಲೊ (ಗಿಟಾರಿನ ಒಂಟಿ ಮೆರೆತ) ಶುರುವಾದ ಕೂಡಲೇ ನಾಲ್ಕಕ್ಕೆ ಇಳಿಯುತ್ತದೆ, ಸೋಲೊ ಆದ ಮೇಲೆ ಮತ್ತೆ ಏಳಕ್ಕೆ. ಗಿಟಾರ್ ಬಂದಾಗ ಕಟ್ಟು ಬಿಚ್ಚಿ ಓಡಿದ ಹಾಗನ್ನಿಸುವುದಕ್ಕೆ ಕಾರಣ ಇದೇ. ನಿಮ್ಮ ಪುಟದಲ್ಲಿ ಇದು ಸಿಕ್ಕಿದರೆ "ಸೋಲೊ ಸೂಪರ್" ಅಂತ ಬರೆಯಬೇಕಾಗಿಲ್ಲ.

ಸದ್ದಿಗೆ ಮಾತು

ಬರೆಯಲು ಕೂತಾಗ ಸಿಕ್ಕಿಕೊಳ್ಳುವುದು ಇಲ್ಲಿ. ರಿವರ್ಬ್, ಡಿಲೇ, ಫಝ್ ಎಂಬ ಸದ್ದಿನ ಪರಿಣಾಮಗಳು ಅಂದರೆ ಗಿಟಾರ್ ಹಿಡಿದವರಿಗೆ ಗೊತ್ತು, ಉಳಿದವರಿಗೆ ಇಲ್ಲ. ಆದರೆ ಆ ಸದ್ದುಗಳೆಲ್ಲ ನಮ್ಮ ಕಿವಿಗೆ ಹಳೆಯವೇ. ತುಮಕೂರಿನ ಬಳಿಯ ದೇವರಾಯನದುರ್ಗದ ಬಂಡೆಗೆ ಎದುರಾಗಿ ಕೂಗಿದಾಗ ಮಾತು ಬಿಡಿಬಿಡಿಯಾಗಿ ಹಿಂದಿರುಗುತ್ತದಲ್ಲ, ಅದು ಡಿಲೇ. ಕಲ್ಲಿನ ಗುಡಿಯೊಳಗೆ ಮಂತ್ರ ಹೇಳಿದಾಗ ಅಕ್ಷರಗಳು ಒಂದರ ಮೇಲೊಂದು ಬಿದ್ದು ತೇಲುತ್ತವಲ್ಲ, ಅದು ರಿವರ್ಬ್. ಜಾತ್ರೆಯ ಮೈಕ್ ಸೆಟ್ಟಿನಲ್ಲಿ ಕೋನ್ ಹರಿದ ಸ್ಪೀಕರ್ ಬುರಬುರ ಅನ್ನುವುದು ಫಝ್‌ಗೆ ತೀರಾ ಹತ್ತಿರ. ಟೇಬಲ್ ಫ್ಯಾನಿನ ಮುಂದೆ ಮಕ್ಕಳು "ಆ…" ಅಂತ ಕೂಗಿ ಆಡುವ ಆಟದ ದನಿ, ತಿರುಗುವ ಲೆಸ್ಲಿ ಸ್ಪೀಕರಿನ ಅಲೆಯಾಟದ ನೆಂಟ. ಗೊಗ್ಗರು, ಕೀರಲು, ಒಡಕು, ಬೋಳು, ಮಂದ್ರ, ಝೇಂಕಾರ: ಕನ್ನಡದಲ್ಲಿ ಸದ್ದಿಗೆ ಇಷ್ಟೊಂದು ಮಾತಿರುವಾಗ 'ವೈಬ್' ಒಂದನ್ನೇ ಜಗಿಯುವುದು ಬೇಡ.

ಶ್ರುತಿಯ ಅಭ್ಯಾಸ ನಮಗಿರುವ ದೊಡ್ಡ ಅನುಕೂಲ. ಬೀಟಲ್ಸ್‌ನ 1966ರ 'ರಿವಾಲ್ವರ್' ಮುಗಿಯುವುದು ಮೂರು ನಿಮಿಷದ 'ಟುಮಾರೊ ನೆವರ್ ನೋಸ್' ಹಾಡಿನಿಂದ. ತಂಬೂರಿ ಹಿಡಿದ ಒಂದೇ ಆಧಾರ ಸ್ವರದ ಮೇಲೆ ಇಡೀ ಹಾಡು ನಿಂತಿದೆ, ಟೇಪಿನ ಸುರುಳಿಗಳು ಹಕ್ಕಿ ಚೀರಿದ ಹಾಗೆ ಬಂದು ಹೋಗುತ್ತವೆ, ಗಿಟಾರ್ ಹಿಂದುಮುಂದಾಗಿ ಓಡುತ್ತದೆ, ಹಾಡುವವನ ದನಿ ಕೊನೆಗೆ ಲೆಸ್ಲಿ ಸ್ಪೀಕರಿನೊಳಗಿಂದ ಬರುತ್ತದೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುವುದನ್ನು ಕಾಯುವ ಕಿವಿಗೆ ಇದು ನಿಂತ ನೀರು. ಏಕತಾರಿ ಹಿಡಿದು ತತ್ವಪದ ಹಾಡುವುದನ್ನು ಕೇಳಿದ ಕಿವಿಗೆ ಇದರಲ್ಲಿ ಅಪರಿಚಿತವಾದದ್ದು ಕಡಿಮೆ. ಪಾಶ್ಚಾತ್ಯ ವಿಮರ್ಶಕರು ಬೆರಗುಪಟ್ಟ ಜಾಗದಲ್ಲಿ ನೀವೂ ಬೆರಗುಪಡಬೇಕೆಂದಿಲ್ಲ. ತಂಬೂರಿಗಿಂತ ಆ ಡ್ರಮ್ಮಿನ ಹೊಡೆತವೇ ಇಲ್ಲಿ ಹೆಚ್ಚು ಹೊಸದು.

ಕೆಟ್ಟಿರುವುದು ಯಾವುದು, ಬೇಕೆಂದೇ ಮಾಡಿದ್ದು ಯಾವುದು

ಇಂಡಿ (ದೊಡ್ಡ ಕಂಪನಿಗಳ ಹಂಗಿಲ್ಲದ), ಸೈಕೆಡೆಲಿಕ್ ಆಲ್ಬಮ್‌ಗಳಲ್ಲಿ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಟೇಮ್ ಇಂಪಾಲಾದ 2015ರ 'ಕರೆಂಟ್ಸ್' ತೆರೆಯುವ 'ಲೆಟ್ ಇಟ್ ಹ್ಯಾಪನ್' ನಡುಮಧ್ಯೆ ಗೀರು ಬಿದ್ದ ಸಿ.ಡಿ. ಹಾಗೆ ಒಂದೇ ತುಣುಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಫೋನ್ ಹಾಳಾಗಿಲ್ಲ, ಮುಂದಕ್ಕೆ ಓಡಿಸಬೇಡಿ. ದ ಸ್ಟ್ರೋಕ್ಸ್‌ನ 2001ರ 'ಇಸ್ ದಿಸ್ ಇಟ್'ನಲ್ಲಿ ಹಾಡುವವನ ದನಿ ಹಳೆಯ ಟೆಲಿಫೋನಿನಿಂದ ಬಂದಂತಿದೆ. ಅದನ್ನು ಅಭ್ಯಾಸಕ್ಕೆ ಬಳಸುವ ಪುಟ್ಟ ಆಂಪ್ಲಿಫೈಯರ್ ಮೂಲಕ ಹಾಯಿಸಿ ಮಾಡಿದ್ದು. ಮೈ ಬ್ಲಡಿ ವ್ಯಾಲೆಂಟೈನ್‌ನ 1991ರ 'ಲವ್‌ಲೆಸ್'ನಲ್ಲಿ ದನಿ ಗಿಟಾರುಗಳ ಅಡಿಯಲ್ಲಿ ಹೂತಿದೆ, ಗಿಟಾರು ತೇಲಿ ವಾಲುತ್ತದೆ, ಯಾಕೆಂದರೆ ಮೀಟುವಾಗಲೇ ಟ್ರೆಮೊಲೊ ಹಿಡಿಯನ್ನು (ತಂತಿಗಳನ್ನು ಸಡಿಲಿಸಿ-ಬಿಗಿಯಿಸಿ ಶ್ರುತಿ ಅಲ್ಲಾಡಿಸುವ ಗಿಟಾರಿನ ಸರಳು) ಅದುಮಿ ಬಿಡುತ್ತಾ ನುಡಿಸಿದ್ದಾರೆ. ಇದನ್ನು ಕಡಿಮೆ ವಾಲ್ಯೂಮಿನಲ್ಲಿ ಕೇಳಿದರೆ ಬರೀ ಗದ್ದಲ. ಮಾತಾಡುವ ಮಟ್ಟಕ್ಕಿಂತ ಸ್ವಲ್ಪ ಏರಿಸಿ ಕೇಳಿದಾಗ ಗದ್ದಲದೊಳಗೆ ರಾಗ ಕಾಣಿಸುತ್ತದೆ.

ಹಾಗಂತ ಎಲ್ಲವನ್ನೂ "ಬೇಕೆಂದೇ ಮಾಡಿದ್ದು" ಅಂತ ಕ್ಷಮಿಸಬೇಡಿ. ಪರೀಕ್ಷೆ ಸರಳ: ಆ ವಿಚಿತ್ರ ಆಲ್ಬಮ್ ಉದ್ದಕ್ಕೂ ಇದೆಯೋ, ಒಂದೆರಡು ಕಡೆ ಮಾತ್ರವೋ? ಅದನ್ನು ತೆಗೆದು ಕಲ್ಪಿಸಿಕೊಂಡರೆ ಹಾಡು ಬಡವಾಗುತ್ತದೋ, ಹಗುರವಾಗುತ್ತದೋ? ಉದ್ದಕ್ಕೂ ಇದ್ದರೆ, ಇಲ್ಲವೇ ತೆಗೆದಾಗ ಹಾಡು ಬಡವಾಗುವುದಾದರೆ, ಅದು ಆಯ್ಕೆ. ಹಾಗಿಲ್ಲದಿದ್ದರೆ ದೋಷವೆಂದು ಧೈರ್ಯವಾಗಿ ಬರೆಯಿರಿ.

ಎರಡು ಆಲ್ಬಮ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ, ಹೊಸ ರೆಕಾರ್ಡಿಂಗ್‌ಗಳು ಹಳೆಯವಕ್ಕಿಂತ ಜೋರಾಗಿಯೇ ಇರುತ್ತವೆ. ಆ್ಯಪಿನಲ್ಲಿ ಸದ್ದಿನ ಮಟ್ಟ ಸಮ ಮಾಡುವ ನಾರ್ಮಲೈಸೇಶನ್ ಆನ್ ಮಾಡಿದರೆ ಸಾಕು. ಆದರೆ ಆಲ್ಬಮ್ಮನ್ನು ಕ್ರಮವಾಗಿಯೇ ಹಾಕಿ, ಹಾಡುಗಳನ್ನು ಬಿಡಿಯಾಗಿ ಹಾಕಿದರೆ ಮೆಲ್ಲನೆಯ ಹಾಡೂ ಅಬ್ಬರದ ಹಾಡೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. 1960ರ ದಶಕದ ಸ್ಟೀರಿಯೊದಲ್ಲಿ ದನಿ ಒಂದು ಕಿವಿಗೆ, ವಾದ್ಯ ಇನ್ನೊಂದು ಕಿವಿಗೆ ಬಂದರೆ ಮೊನೊ ಆವೃತ್ತಿ ಹುಡುಕಿ ಒಮ್ಮೆ ಕೇಳಿ, ತೀರ್ಪು ಬದಲಾಗಬಹುದು.

ಬರೆಯುವಾಗ

ಮುನ್ನೂರು ಪದ ಸಾಕು. ಮೊದಲ ಸಾಲಿನಲ್ಲಿ ಆಲ್ಬಮ್, ವರ್ಷ, ನೀವು ಕೇಳಿದ ಆವೃತ್ತಿ. ಆಮೇಲೆ ನೇರ ತೀರ್ಪು, ಅದನ್ನು ಕೊನೆಗೆ ಬಚ್ಚಿಡಬೇಡಿ. ಹಿಂದೆಯೇ ನಿಮ್ಮ ಪುಟದಿಂದ ಮೂರು ಜಾಗ, ನಿಮಿಷ-ಸೆಕೆಂಡಿನ ಸಮೇತ. ಮೂರರಲ್ಲಿ ಒಂದಾದರೂ ನಿಮ್ಮ ತೀರ್ಪಿಗೆ ಎದುರಾಗಿರಲಿ: ಇಷ್ಟಪಟ್ಟ ಆಲ್ಬಮ್ಮಿನ ಸೋತ ಜಾಗ, ಇಲ್ಲವೇ ಇಷ್ಟವಾಗದ್ದರ ಗೆದ್ದ ಜಾಗ. ಬ್ಯಾಂಡಿನ ಇತಿಹಾಸ ಎರಡು ಸಾಲು ಮೀರಬಾರದು, ಅದು ಎಲ್ಲರಿಗೂ ಬೇರೆ ಕಡೆ ಸಿಗುತ್ತದೆ. ನಿಮ್ಮ ಕಿವಿಗೆ ಬಿದ್ದದ್ದು ಬೇರೆ ಎಲ್ಲೂ ಸಿಗುವುದಿಲ್ಲ.

ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ಆಸೆ ಇದ್ದರೆ ಮೊದಲ ಹತ್ತು ಆಲ್ಬಮ್‌ಗಳಿಗೆ ಕೊಡಬೇಡಿ. ಹತ್ತೂ ಬರೆದಾದ ಮೇಲೆ ಅವನ್ನು ಸಾಲಾಗಿ ಜೋಡಿಸಿ, ಆಗ ಏಳು ಅಂದರೇನು, ಒಂಬತ್ತು ಅಂದರೇನು ಎಂಬ ಅಳತೆ ನಿಮ್ಮದೇ ಆಗಿ ಹುಟ್ಟುತ್ತದೆ. ಪ್ರತಿ ಬರಹದ ಅಡಿಯಲ್ಲಿ ತಾರೀಕು ಮತ್ತು ಯಾವುದರಲ್ಲಿ ಕೇಳಿದ್ದು, ಹೆಡ್‌ಫೋನೋ ಸ್ಪೀಕರೋ, ಹಾಕಿಡಿ. ಆರು ತಿಂಗಳಾದ ಮೇಲೆ ಅದೇ ವಾಲ್ಯೂಮಿನಲ್ಲಿ ಮತ್ತೊಮ್ಮೆ ಕೇಳಿ, ಬದಲಾದದ್ದನ್ನು ಹಳೆಯದನ್ನು ಅಳಿಸದೆ ಅದರ ಕೆಳಗೇ ಸೇರಿಸಿ.