ಗುಡಿಬಂಡೆಗೆ ಜನ ಕರ್ಕೊಂಡು ಹೋಗಿ ಹೋಗಿ ನಾನು ಕಲ್ತಿದ್ದು

ನಮ್ದು ಚಿಕ್ಕಬಳ್ಳಾಪುರ ಜಿಲ್ಲೆ ಗುಡಿಬಂಡೆ ಪಕ್ಕದ ಹಳ್ಳಿ, ರಾಗಿ ಕಡ್ಲೆಕಾಯಿ ಬೆಳೆಯೋ ಮನೆ. ಬೆಂಗ್ಳೂರಲ್ಲಿ ಜೊತೆಗೆ ಓದಿದ ಹುಡುಗ್ರು ಎಲ್ಲೋ ಫೋಟೋ ನೋಡಿ "ಮಗಾ, ನಿಮ್ಮೂರಲ್ಲಿ ಇಂಡಿಯಾ ಮ್ಯಾಪ್ ತರ ಕೆರೆ ಇದ್ಯಂತೆ" ಅಂತ ಗಂಟುಬಿದ್ರು, ಹಂಗೆ ಶುರುವಾಗಿದ್ದು ಈಗ ತಿಂಗ್ಳಿಗೆ ಎರಡು ಭಾನುವಾರ ಇದೇ ಕೆಲ್ಸ.

ಮೊದಲ್ನೇ ಸಲ ಪೂರ್ತಿ ಎಡವಟ್ಟು. ಏಪ್ರಿಲ್ ತಿಂಗ್ಳು, ಪೆರೇಸಂದ್ರ ಕ್ರಾಸಲ್ಲಿ ಎಡಕ್ಕೆ ತಿರುಗ್ರೋ ಅಂದಿದ್ರೆ ನೆಟ್ಟಗೆ ಬಾಗೇಪಲ್ಲಿ ಕಡೆ ಹೋಗಿ ವಾಪಸ್ ಬರೋಷ್ಟ್ರಲ್ಲಿ ಹನ್ನೊಂದು ಗಂಟೆ, ಬಂಡೆ ಕಾದ ಹೆಂಚು, ಏದುಸಿರು ಬಿಟ್ಕೊಂಡು ಕೋಟೆ ಬೆಟ್ಟ ಹತ್ತಿ ನೋಡಿದ್ರೆ ಆ ಮ್ಯಾಪ್ ಕೆರೆ ಬೈರಸಾಗರದಲ್ಲಿ ನೀರೇ ಇಲ್ಲ, ದನ ಮೇಯ್ತಿದ್ವು.

ಅವತ್ತು ಮಾನ ಉಳಿಸಿದ್ದು ದೊಣೆಗಳು, ಅಂದ್ರೆ ಬಂಡೆಯಲ್ಲಿ ಮಳೆನೀರು ನಿಲ್ಲೋ ಹೊಂಡಗಳು. 17ನೇ ಶತಮಾನದ ಪಾಳೇಗಾರ ಹಾವಳಿ ಬೈರೇಗೌಡ ಕಟ್ಸಿದ ಏಳು ಸುತ್ತಿನ ಕೋಟೆ ಇದು, ಕೆರೆಗೂ ಅವನ ಹೆಸ್ರೇ. ಉಳ್ಳೋರ ಹತ್ರ ದೋಚಿ ಇಲ್ದೋರ್ಗೆ ಹಂಚ್ತಿದ್ದ ಅಂತ ಊರಲ್ಲಿ ಕಥೆ ಹೇಳ್ತಾರೆ, ನಂಗೆ ಮಾತ್ರ ಅವನ ನೀರಿನ ಲೆಕ್ಕಾನೇ ಇಷ್ಟ. ಬೆಟ್ಟದ ಮೇಲೆ 19 ದೊಣೆ, ಮಳೆನೀರು ಒಂದು ತುಂಬಿ ಇನ್ನೊಂದಕ್ಕೆ ಇಳಿಯೋ ಹಂಗೆ ಮಾಡವ್ರೆ. ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ, ಬಾಟ್ಲಿ ನೀರನ್ನ ಬಂಡೆ ಮೇಲೆ ಸುರಿದೆ, ಅದು ಅಂಕುಡೊಂಕಾಗಿ ಹರ್ಕೊಂಡು ಸೀದಾ ದೊಣೆ ಬಾಯಿಗೇ ಹೋಯ್ತು. ನಮ್ ಹೊಲದಲ್ಲಿ ಸಾವಿರ ಅಡಿ ಬೋರ್ ಕೊರ್ಸಿ ಧೂಳು ನೋಡ್ದೋನು ನಾನು, ಅದನ್ನ ನೋಡಿ ನಾನೇ ಸ್ವಲ್ಪ ಹೊತ್ತು ಸುಮ್ನೆ ಕೂತ್ಬಿಟ್ಟೆ.

ಆಮೇಲಿಂದ ಪದ್ಧತಿ ಬದಲಾಯ್ಸಿದೀನಿ. ಬೆಳಿಗ್ಗೆ ಆರೂವರೆಗೆ ಬೆಟ್ಟದ ಬುಡದಲ್ಲಿರ್ಬೇಕು, ಮೊದ್ಲು ದೊಣೆ, ಆಮೇಲೆ ತುದೀಲಿರೋ ರಾಮೇಶ್ವರನ ಗುಡಿ, ಕೆರೆ ಕೊನೇಲಿ. ದೊಣೇಲಿ ಪಾಚಿ ಇರುತ್ತೆ, ಸೆಲ್ಫಿಗೆ ಅಂತ ಯಾರನ್ನೂ ಅಂಚಿಗೆ ಬಿಡಲ್ಲ, ಬೈಸ್ಕೊಂಡ್ರೂ ಪರ್ವಾಗಿಲ್ಲ.

ಡಿಸೆಂಬರಲ್ಲಿ ಬಂದ್ರೆ ಚೆಂದ, ಅವರೆಕಾಯಿ ಸೊಗಡು ದಾರಿ ಉದ್ದಕ್ಕೂ. ಇಳ್ದು ಮನೆಗೆ ಬಂದ್ರೆ ಮುದ್ದೆ, ಹಿತ್ಕಿದ್ ಬೇಳೆ ಸಾರು. ನಮ್ಮಜ್ಜಿ ಎಲ್ರನ್ನೂ ತೆಲುಗಲ್ಲೇ "ಕೊಂಡ ಎಕ್ಕಿನಾರಾ?" (ಬೆಟ್ಟ ಹತ್ತಿದ್ರಾ?) ಅಂತ ಕೇಳ್ತಾಳೆ, ಅರ್ಥ ಆಗ್ದಿರೋರು ಸಾರು ಬೇಕಾ ಅಂತಿದಾಳೆ ಅನ್ಕೊಂಡು ತಟ್ಟೆ ಮುಂದೆ ಹಿಡೀತಾರೆ.