3 ಮೀಟರ್ ಹಲಗೆಯ ಡೈವಿಂಗ್ ನೋಡಿ ಅಂಕ ಹಾಕುವ ಬಗೆ

ಶಿರಸಿಯ ಕಡೆ ತೋಟದ ಕೆರೆಯಲ್ಲಿ ಈಜು ಕಲಿತವರಿಗಾಗಲಿ, ಕಾರವಾರದಲ್ಲಿ ಕಾಳಿ ನದಿಯ ದಡದಲ್ಲಿ ಬೆಳೆದವರಿಗಾಗಲಿ ನೀರಿಗೆ ಹಾರುವುದು ಹೊಸದೇನಲ್ಲ. ಆದರೂ ಒಲಿಂಪಿಕ್ಸ್‌ನ ಪುರುಷರ ಸ್ಪ್ರಿಂಗ್‌ಬೋರ್ಡ್ ಸ್ಪರ್ಧೆ ಟಿವಿಯಲ್ಲಿ ಬಂದಾಗ, ನೀರು ಎಷ್ಟು ಸಿಡಿಯಿತು ಎಂಬುದೊಂದನ್ನೇ ನೋಡಿ ನಾವು ತೀರ್ಪು ಕೊಟ್ಟುಬಿಡುತ್ತೇವೆ. ನೀರು ಸಿಡಿಯುವುದು ಕೊನೆಯ ಫಲ. ಅದರ ಕಾರಣ ಬಹುಪಾಲು ಹಲಗೆಯ ಮೇಲೆಯೇ ಇರುತ್ತದೆ.

ಹಾಗಾಗಿ ಮೊದಲು ಸ್ಪರ್ಧಿಯ ಪಾದಗಳನ್ನು ನೋಡಬೇಕು. ನೀರಿನಿಂದ 3 ಮೀಟರ್ ಎತ್ತರದಲ್ಲಿರುವ ಆ ಅಲ್ಯೂಮಿನಿಯಂ ಹಲಗೆಯನ್ನು ಏರಿದವನು ಕಾಲಿನಿಂದ ಒಂದು ಚಕ್ರವನ್ನು ತಿರುಗಿಸುತ್ತಾನೆ. ಅದು ಹಲಗೆಯ ಕೆಳಗಿನ ಆನಿಕೆಯನ್ನು ಸರಿಸುತ್ತದೆ. ಆನಿಕೆ ಹಿಂದೆ ಸರಿದಷ್ಟೂ ಹಲಗೆ ಹೆಚ್ಚು ಬಳುಕುತ್ತದೆ. ಬಳಿಕ ಕೆಲವು ಹೆಜ್ಜೆ ನಡೆದು, ಒಂದು ಕಾಲೆತ್ತಿ ನೆಗೆದು, ಎರಡೂ ಪಾದಗಳಿಂದ ಹಲಗೆಯ ತುದಿಯನ್ನು ಒತ್ತುತ್ತಾನೆ. ಕೆಳಗೆ ಬಾಗಿದ ಹಲಗೆ ಮರಳಿ ಮೇಲೇಳುವವರೆಗೆ ಕಾಯುವ ತಾಳ್ಮೆಯೇ ಇಲ್ಲಿನ ನಿಜವಾದ ಕೌಶಲವೆಂದು ನನ್ನ ಅಭಿಪ್ರಾಯ. ಕಾಯದೆ ಮುಂದಕ್ಕೆ ವಾಲಿದವನಿಗೆ ದೂರ ಸಿಗುತ್ತದೆಯೇ ಹೊರತು ಎತ್ತರ ಸಿಗುವುದಿಲ್ಲ; ಎತ್ತರವಿಲ್ಲದಿದ್ದರೆ ಲಾಗಗಳನ್ನು ಮುಗಿಸಲು ಸಮಯ ಸಾಲದು. ಹಲಗೆಗೆ ತೀರಾ ಹತ್ತಿರ ಉಳಿಯುವುದೂ ಅಪಾಯವೇ. 1988ರ ಸೋಲ್ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಅಮೆರಿಕದ ಗ್ರೆಗ್ ಲೌಗಾನಿಸ್ ಅವರ ತಲೆ ಹಲಗೆಗೆ ಬಡಿದು ಹೊಲಿಗೆ ಹಾಕಬೇಕಾಯಿತು. ಆದರೂ ಅವರು ಚಿನ್ನ ಗೆದ್ದರು.

ಇನ್ನು ಪರದೆಯಲ್ಲಿ ಕಾಣುವ ಸಂಖ್ಯೆ. 107ಬಿ ಎಂದರೆ, 1 ಮುಂದಿನ ಜಿಗಿತ, 7 ಅರ್ಧ ಲಾಗಗಳ ಎಣಿಕೆ, ಅಂದರೆ ಮೂರೂವರೆ ಲಾಗ. ಎ ಎಂದರೆ ನೇರ ಮೈ, ಬಿ ಎಂದರೆ ಕಾಲು ನೇರವಿಟ್ಟು ಸೊಂಟದಲ್ಲಿ ಮಡಚುವುದು, ಸಿ ಎಂದರೆ ಮಂಡಿಯನ್ನೂ ಮಡಚಿ ಉಂಡೆಯಾಗುವುದು. 5ರಿಂದ ಆರಂಭವಾದರೆ ಲಾಗದ ಜೊತೆ ಮೈ ತಿರುಚುವುದೂ ಇರುತ್ತದೆ. ಯಕ್ಷಗಾನದಲ್ಲಿ ದಿಗಿಣ ಹಾಕುವವನನ್ನು ನೋಡಿ ಬಲ್ಲ ನಮ್ಮ ಜಿಲ್ಲೆಯವರಿಗೆ, ತಿರುಗುವಾಗ ಮೈ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂದು ಗುರುತಿಸುವುದು ಕಷ್ಟವಾಗಲಾರದು.

ನೀರನ್ನು ಸೇರುವಾಗ ಮೈ ಲಂಬವಾಗಿರಬೇಕು, ಹೆಬ್ಬೆರಳಿನವರೆಗೂ ಕಾಲು ಚಾಚಿರಬೇಕು. ನುರಿತವರು ಎರಡೂ ಕೈಗಳನ್ನು ಸೇರಿಸಿ ಅಂಗೈಯನ್ನು ನೀರಿನತ್ತ ಚಪ್ಪಟೆಯಾಗಿ ಹಿಡಿಯುತ್ತಾರೆ. ಅಂಗೈ ಮಾಡಿದ ಪೊಳ್ಳಿನೊಳಗೆ ಮೈಯೆಲ್ಲ ನುಸುಳುವುದರಿಂದ ನೀರು ಹೆಚ್ಚು ಚಿಮ್ಮುವುದಿಲ್ಲ. ಇದನ್ನು ನೋಡಿದ ಮಕ್ಕಳು ಅಳಿವೆಯಲ್ಲಿ ಪ್ರಯತ್ನಿಸದಂತೆ ದಯವಿಟ್ಟು ತಡೆಯಿರಿ. ಸ್ಪರ್ಧೆಯ ಕೊಳದಲ್ಲಿ ಹಲಗೆಯ ಕೆಳಗೆ ಮೂರೂವರೆ ಮೀಟರಿಗಿಂತ ಹೆಚ್ಚು ಆಳವಿರುತ್ತದೆ. ನಮ್ಮ ಅಳಿವೆಗಳಲ್ಲಿ ಭರತ ಇಳಿತಗಳಿಗೆ ತಕ್ಕಂತೆ ಆಳ ಬದಲಾಗುತ್ತದೆ, ಮರಳಿನ ದಿಬ್ಬವೂ ಸರಿಯುತ್ತದೆ.

ಈಗ ಕಾಗದ ಮತ್ತು ಪೆನ್ನು ತೆಗೆದುಕೊಳ್ಳಿ. ಪರದೆಯಲ್ಲಿ ಅಂಕ ಬರುವ ಮೊದಲೇ ನಿಮ್ಮ ಅಂಕವನ್ನು ಬರೆದಿಡಿ. 0ಯಿಂದ 10ರವರೆಗೆ, ಅರ್ಧರ್ಧ ಅಂಕವನ್ನೂ ಕೊಡಬಹುದು. ಐದರಿಂದ ಆರೂವರೆ ಎಂದರೆ ತೃಪ್ತಿಕರ, ಏಳರಿಂದ ಎಂಟು ಎಂದರೆ ಉತ್ತಮ. ಏಳು ತೀರ್ಪುಗಾರರ ಅಂಕಗಳಲ್ಲಿ ಅತಿ ಹೆಚ್ಚಿನ ಎರಡನ್ನೂ ಅತಿ ಕಡಿಮೆಯ ಎರಡನ್ನೂ ಬಿಟ್ಟು, ಉಳಿದ ಮೂರನ್ನು ಕೂಡಿಸಿ, ಜಿಗಿತದ ಕಠಿಣತೆಯ ಮಟ್ಟದಿಂದ ಗುಣಿಸುತ್ತಾರೆ. 107ಬಿಯ ಕಠಿಣತೆ 3.1. ಉಳಿದ ಅಂಕಗಳು 8, 8 ಮತ್ತು 7.5 ಆದರೆ ಮೊತ್ತ 23.5, ಗುಣಲಬ್ಧ 72.85. ಮತ್ತೊಬ್ಬ 3.8 ಕಠಿಣತೆಯ ನಾಲ್ಕೂವರೆ ಲಾಗವನ್ನು ಹಾಕಿ ಮೂರು ಆರುಗಳನ್ನಷ್ಟೇ ಪಡೆದರೆ ಅವನಿಗೆ ಸಿಗುವುದು 68.40. ಪುರುಷರಿಗೆ ಇಂಥ ಜಿಗಿತಗಳು ಆರು ಇರುವುದರಿಂದ ಪ್ರತಿ ಸುತ್ತಿನ ಬಳಿಕವೂ ಮೊತ್ತವನ್ನು ಕೂಡಿಸುತ್ತ ಹೋಗಿ. ನಿಮ್ಮ ಅಂಕಕ್ಕೂ ತೀರ್ಪುಗಾರರ ಅಂಕಕ್ಕೂ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದಲ್ಲಿ, ನಿಧಾನಗತಿಯ ಮರುಪ್ರಸಾರದಲ್ಲಿ ಪಾದ ಹಲಗೆಯನ್ನು ಬಿಟ್ಟ ಕ್ಷಣವನ್ನು ಇನ್ನೊಮ್ಮೆ ನೋಡಿ.